ಇ.ಎಫ್. ನಾರ್ಮಲ್ ಅಂದರೆ ಏನು?

ಕ್ಯಾತಸಂದ್ರದ ನಮ್ಮ ಚಿಕ್ಕಮ್ಮನಿಗೆ ಮುದ್ದೆ ತಿರುವಿ ಮುಗಿಸುವಷ್ಟು ಹೊತ್ತು ಒಲೆ ಮುಂದೆ ನಿಲ್ಲಲು ಆಗುವುದಿಲ್ಲ. ಎದೆ ಡವಡವ ಹೊಡೆದುಕೊಳ್ಳುತ್ತದೆ, ಕಣ್ಣು ಮಂಜಾಗುತ್ತದೆ. ಕ್ರಾನಿಕ್ ಫಟೀಗ್ ಸಿಂಡ್ರೋಮ್ (ವಿಶ್ರಾಂತಿ ತೆಗೆದುಕೊಂಡರೂ ಹೋಗದ ದೀರ್ಘಕಾಲದ ಸುಸ್ತಿನ ಕಾಯಿಲೆ) ಅಂತ ಡಾಕ್ಟರು ಹೇಳಿ ಎರಡು ವರ್ಷವಾಯಿತು. ಹೋದ ತಿಂಗಳು ತುಮಕೂರಿನಲ್ಲಿ ಎಕೋ, ಅಂದರೆ ಹೃದಯದ ಸ್ಕ್ಯಾನ್, ಮಾಡಿಸಿದೆವು. ರಿಪೋರ್ಟಿನಲ್ಲಿ 'ಇ.ಎಫ್. 60%, ನಾರ್ಮಲ್' ಅಂತ ಬಂತು. "ಹಾಗಾದ್ರೆ ನಾನು ಸುಮ್ನೆ ಹೇಳ್ತಿದೀನಾ?" ಅಂದರು ಚಿಕ್ಕಮ್ಮ. ನನಗೆ ತುಂಬಾ ಸಂಕಟವಾಯಿತು.

ಇ.ಎಫ್. ಅಂದರೆ ಎಜೆಕ್ಷನ್ ಫ್ರಾಕ್ಷನ್. ಹೃದಯದ ಎಡಭಾಗದ ಕೆಳಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಎಷ್ಟು ಪಾಲು ಒಂದು ಬಡಿತಕ್ಕೆ ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ. ಸುಮಾರು 55ರಿಂದ 70% ಇದ್ದರೆ ಸರಿ ಇದೆ ಅನ್ನುತ್ತಾರೆ. ಆದರೆ ಇದು ಬರೀ ಪಾಲಿನ ಲೆಕ್ಕ. ಕೋಣೆಯಲ್ಲಿ 120 ಮಿ.ಲೀ. ತುಂಬಿ 72 ಹೊರಗೆ ಹೋದರೂ 60%. 80 ತುಂಬಿ 48 ಹೋದರೂ ಅದೇ 60%! ಎರಡನೆಯದರಲ್ಲಿ ಹೃದಯದ ಸ್ನಾಯು ಬಲವಾಗಿಯೇ ಇದೆ, ಕೋಣೆಗೆ ಬಂದು ತುಂಬುವ ರಕ್ತ ಮಾತ್ರ ಕಡಿಮೆಯಾಗಿದೆ.

ಯಾರೇ ಎದ್ದು ನಿಂತರೂ ಅರ್ಧ ಲೀಟರಿಗಿಂತ ಜಾಸ್ತಿ ರಕ್ತ ಹೊಟ್ಟೆಗೆ, ಕಾಲಿಗೆ ಇಳಿಯುತ್ತದೆ. ನರಗಳು ರಕ್ತನಾಳ ಬಿಗಿಮಾಡಿ ಅದನ್ನು ಮೇಲಕ್ಕೆ ಕಳಿಸಬೇಕು. ಕ್ರಾನಿಕ್ ಫಟೀಗ್ ಇರುವ ಅನೇಕರಲ್ಲಿ ಈ ಕೆಲಸ ಸರಿಯಾಗಿ ನಡೆಯುವುದಿಲ್ಲ. ಎಕೋ ಮಾಡುವುದು ಎಡಮಗ್ಗುಲಿಗೆ ಮಲಗಿಸಿ ಅಲ್ವಾ? ನಿಂತಾಗಿನ ಕಷ್ಟ ಅದರಲ್ಲಿ ಹೇಗೆ ಕಾಣಬೇಕು? ನೆದರ್ಲೆಂಡ್ಸ್‌ನಲ್ಲಿ ರೋಗಿಗಳನ್ನು ಓರೆಯಾದ ಮೇಜಿನ ಮೇಲೆ ಎತ್ತಿ ನಿಲ್ಲಿಸಿ ನೋಡಿದರು. 2020ರಲ್ಲಿ ಬಂದ ಆ ಅಧ್ಯಯನದ ಪ್ರಕಾರ ಮಿದುಳಿಗೆ ಹೋಗುವ ರಕ್ತ ಅವರಲ್ಲಿ ಸರಾಸರಿ 26% ಇಳಿದಿತ್ತು. ಆರೋಗ್ಯವಂತರಲ್ಲಿ ಇಳಿದದ್ದು 7%.

ಮೇಜು ಇಲ್ಲದ ಕಡೆಯೂ ಒಂದು ಸರಳ ಪರೀಕ್ಷೆ ಮಾಡಬಹುದು. ಹತ್ತು ನಿಮಿಷ ಮಲಗಿಸಿ ಬಿ.ಪಿ., ನಾಡಿ ನೋಡುತ್ತಾರೆ. ಆಮೇಲೆ ಹಿಮ್ಮಡಿ ಗೋಡೆಯಿಂದ ಅರ್ಧ ಅಡಿ ಮುಂದಿಟ್ಟು, ಭುಜ ಗೋಡೆಗೆ ಒರಗಿಸಿ, ಹತ್ತು ನಿಮಿಷ ನಿಲ್ಲಿಸುತ್ತಾರೆ. ನಿಮಿಷ ನಿಮಿಷಕ್ಕೂ ಬರೆದುಕೊಳ್ಳುತ್ತಾರೆ. ತಲೆಸುತ್ತಿ ಬೀಳಬಹುದು, ಪಕ್ಕದಲ್ಲಿ ಒಬ್ಬರು ಇರಲೇಬೇಕು. ದೊಡ್ಡವರಲ್ಲಿ ಬಿ.ಪಿ. ಇಳಿಯದೆ ನಾಡಿ ಮಾತ್ರ ನಿಮಿಷಕ್ಕೆ 30 ಬಡಿತ ಅಥವಾ ಅದಕ್ಕಿಂತ ಜಾಸ್ತಿ ಏರಿ ನಿಂತರೆ 'ಪಾಟ್ಸ್' ಅನ್ನುವ ತೊಂದರೆ ಇರಬಹುದೆಂದು ಮುಂದೆ ನೋಡುತ್ತಾರೆ. ಚಿಕ್ಕಮ್ಮನ ನಾಡಿ ಮಲಗಿದ್ದಾಗ 74 ಇತ್ತು. ಎಂಟನೇ ನಿಮಿಷಕ್ಕೆ 112! ಆ ಚೀಟಿಯನ್ನು ಅವರು ಎಕೋ ರಿಪೋರ್ಟಿನ ಜೊತೆಗೇ ಇಟ್ಟುಕೊಂಡಿದ್ದಾರೆ.

ಟ್ರೆಡ್‌ಮಿಲ್ ಪರೀಕ್ಷೆ ಬರೆದುಕೊಟ್ಟರೆ ಸ್ವಲ್ಪ ಯೋಚಿಸಿ. ಈ ಕಾಯಿಲೆಯಲ್ಲಿ ಶ್ರಮದ ಏಟು ಮಾರನೇ ದಿನವೋ ಅದರ ಮಾರನೇ ದಿನವೋ ಬೀಳುತ್ತದೆ, ವಾರಗಟ್ಟಲೆ ಹಾಸಿಗೆ ಹಿಡಿಸಬಹುದು. ಕೆಲಸ ಮಾಡಿದ ಮಾರನೇ ದಿನ ಹೇಗಿರುತ್ತೀರಿ ಅನ್ನುವುದನ್ನು ಡಾಕ್ಟರಿಗೆ ಮೊದಲೇ ಹೇಳಿಬಿಡಿ.