ವುಡಿ ಬೇ ನಿಲ್ದಾಣ: ಮುಚ್ಚಿದ್ದೇಕೆ ಎನ್ನುವ ಮೊದಲು ಕಟ್ಟಿದ್ದೇಕೆ

ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿದ್ದ ಲಿಂಟನ್–ಬಾರ್ನ್‌ಸ್ಟೇಪಲ್ ನ್ಯಾರೋ ಗೇಜ್ ರೈಲುಮಾರ್ಗದ ಬಗ್ಗೆ ಓದುವವರು 1898ರಲ್ಲಿ ಶುರು, 1935ರಲ್ಲಿ ಮುಕ್ತಾಯ ಎಂದು ಬರೆದುಕೊಂಡು ಮುಂದೆ ಸಾಗುತ್ತಾರೆ. ಕಾರಣ ಕೇಳಿದರೆ ‘ಮೋಟಾರು ವಾಹನ ಬಂತು’ ಎಂಬ ಸಿದ್ಧ ಉತ್ತರ. ತಪ್ಪೇನಲ್ಲ, ಆದರೆ ಅರ್ಧ ಉತ್ತರ. ಉಳಿದರ್ಧ ವುಡಿ ಬೇ ಎಂಬ ಪುಟ್ಟ ನಿಲ್ದಾಣದಲ್ಲಿದೆ.

ಮೊದಲು ಗೇಜ್ ವಿಚಾರ. ಇಲ್ಲಿ ಹಳಿಗಳ ನಡುವಿನ ಅಂತರ 597 ಮಿ.ಮೀ.; ಅಲ್ಲಿನ ಮುಖ್ಯ ಮಾರ್ಗಗಳಲ್ಲಿ 1,435 ಮಿ.ಮೀ. ಕಿರಿದಾದ ಹಳಿಯನ್ನು ಗುಡ್ಡದ ಮೈ ಬಳಸಿಕೊಂಡು, ಬಿಗಿ ತಿರುವುಗಳಲ್ಲಿ ಹಾಯಿಸಬಹುದು. ಗುಡ್ಡ ಕಡಿದು ತಗ್ಗು ತುಂಬುವ ಖರ್ಚು ತಗ್ಗುತ್ತದೆ. ಆದರೆ ಸುಮಾರು 19 ಮೈಲಿ ಸಾಗಲು ಒಂದೂವರೆ ಗಂಟೆ ಬೇಕಿತ್ತು. ಹೊರಗಿನ ಮಾರ್ಗಗಳಿಗೆ ಹೋಗುವ ಸರಕನ್ನು ಬಾರ್ನ್‌ಸ್ಟೇಪಲ್‌ನಲ್ಲಿ ಇಳಿಸಿ ಬೇರೆ ಗಾಡಿಗೆ ಏರಿಸಬೇಕಿತ್ತು.

ಈಗ ನಿಲ್ದಾಣ. ಸಮುದ್ರಮಟ್ಟದಿಂದ ಸುಮಾರು ಸಾವಿರ ಅಡಿ ಎತ್ತರ, ಗಾಳಿ ಬಡಿಯುವ ಬಯಲು, ಸ್ವಿಸ್ ಮನೆಗಳ ಮಾದರಿಯ ಚೆಂದದ ಕಟ್ಟಡ. ಹೆಸರಿನಲ್ಲಿರುವ ಕೊಲ್ಲಿಯೋ ಮೈಲಿಗೂ ಹೆಚ್ಚು ದೂರದಲ್ಲಿ, ಕಡಿದಾದ ಇಳಿಜಾರಿನ ಕೆಳಗೆ! (1901ರವರೆಗಿನ ದಾಖಲೆಗಳಲ್ಲಿ ಇದನ್ನು ‘ವುಡಾ ಬೇ’ ಎಂದು ಹುಡುಕಿ.) ಅಕ್ಕಪಕ್ಕದಲ್ಲಿ ಊರೆನ್ನುವಷ್ಟು ಊರಿಲ್ಲದ ಕಡೆ ರೈಲು ನಿಲ್ಲಿಸಿದ್ದು ಯಾರಿಗಾಗಿ? ಬೆಂಜಮಿನ್ ಲೇಕ್ ಎಂಬ ಶ್ರೀಮಂತ ವಕೀಲ ಆ ಕೊಲ್ಲಿಯನ್ನು ವಿಹಾರಧಾಮ ಮಾಡಲು ಹೊರಟಿದ್ದ. ಹಡಗುಗಳಲ್ಲಿ ಬರುವವರಿಗೆಂದು ಕಟ್ಟೆಯನ್ನೂ ಕಟ್ಟಿಸಿದ. ಬಿರುಗಾಳಿ ಅದನ್ನು ಮುರಿಯಿತು. ಕಕ್ಷಿದಾರರ ಹಣ ದುರುಪಯೋಗ ಮಾಡಿಕೊಂಡ ಲೇಕ್ 1901ರಲ್ಲಿ ಜೈಲು ಸೇರಿದ. ವಿಹಾರಧಾಮ ಅಲ್ಲಿಗೇ ನಿಂತಿತು. ನಿಲ್ದಾಣ ಮಾತ್ರ ಉಳಿಯಿತು. ನನ್ನ ಲೆಕ್ಕದಲ್ಲಿ ಈ ನಿಲ್ದಾಣ ಸೋತದ್ದು 1935ರಲ್ಲಲ್ಲ, ಆಗಲೇ.

ಲಿಂಟನ್ ಕಥೆಯೂ ಬಹಳ ಬೇರೆಯಲ್ಲ: ಅಲ್ಲೂ ರೈಲು ಊರಿನೊಳಗೆ ಬರಲಿಲ್ಲ, ಮೇಲೆ ಗುಡ್ಡದಲ್ಲೇ ನಿಂತಿತು.

1923ರಲ್ಲಿ ಮಾರ್ಗವನ್ನು ವಹಿಸಿಕೊಂಡ ಇಂಗ್ಲೆಂಡಿನ ಸದರ್ನ್ ರೈಲ್ವೆ ಕಂಪನಿ ಅದನ್ನು ಕಡೆಗಣಿಸಿತು ಎನ್ನಲಾಗದು. 1925ರಲ್ಲಿ ‘ಲ್ಯೂ’ ಎಂಬ ಹೊಸ ಎಂಜಿನ್ ತರಿಸಿತ್ತು. ಮುಚ್ಚುವ ಸುದ್ದಿ ಹಬ್ಬಿದಾಗ ಬಾರ್ನ್‌ಸ್ಟೇಪಲ್‌ನಲ್ಲಿ ಪ್ರತಿಭಟನಾ ಸಭೆ ಸೇರಿತು. ಲಿಂಟನ್ ಕಡೆಯವರು ಆ ಸಭೆಗೆ ಕಾರಿನಲ್ಲೇ ಹೋದರೆಂಬ ಪ್ರತೀತಿ ಇದೆ. ರೈಲಿನ ಪರ ವಾದಿಸಲು ಹೊರಟವರೇ ರೈಲು ಹತ್ತದಿದ್ದರೆ ಕಂಪನಿಯಾದರೂ ಏನು ಮಾಡೀತು?

ಕೊನೆಯ ರೈಲು ಓಡಿದ್ದು 1935ರ ಸೆಪ್ಟೆಂಬರ್ 29ರಂದು. ಆಸ್ತಿಯೆಲ್ಲ ಹರಾಜಾಯಿತು, ಹಳಿ ಕಿತ್ತರು. ಲ್ಯೂ 1936ರಲ್ಲಿ ಬ್ರೆಜಿಲ್‌ಗೆ ಹಡಗೇರಿತು. ವುಡಿ ಬೇ ನಿಲ್ದಾಣದ ಕಟ್ಟಡ ಉಳಿದುಕೊಂಡಿತು. 1995ರಲ್ಲಿ ಮಾರ್ಗದ ಅಭಿಮಾನಿಗಳು ಅದನ್ನು ಕೊಂಡರು, 2004ರಿಂದ ಅಲ್ಲಿ ಮತ್ತೆ ರೈಲು ಓಡುತ್ತಿದೆ.