ಕಣ್ಣು ಕುಡಿಯುವ ವೈನ್

ವೈನ್ ತಂದ ದಿನ ನಮ್ಮ ಮನೆಯಲ್ಲಿ ಹಳೆಯ ದಿನಪತ್ರಿಕೆಗೂ ಕೆಲಸ ಸಿಗುತ್ತದೆ. ಬಾಟಲಿಗೆ ಕುತ್ತಿಗೆಯವರೆಗೆ ಕಾಗದ ಸುತ್ತಿ, ರಬ್ಬರ್ ಬ್ಯಾಂಡ್ ಬಿಗಿದು, ಒಂದು, ಎರಡು ಎಂದು ಬರೆದಿಡುತ್ತೇನೆ. ಅಗ್ಗದ್ದನ್ನು ಮುಚ್ಚಿಡುವ ಜಿಪುಣತನವಿದು ಎಂದು ಸ್ನೇಹಿತರ ಅನುಮಾನ. ಅದು ಪೂರ್ತಿ ಸುಳ್ಳೂ ಅಲ್ಲ. ಆದರೆ ‘ಊಟ ತನ್ನಿಚ್ಛೆ, ನೋಟ ಪರರಿಚ್ಛೆ’ ಎಂಬ ಗಾದೆ ವೈನಿನ ಮಟ್ಟಿಗೆ ನಡೆಯುವುದಿಲ್ಲ. ಇಲ್ಲಿ ರುಚಿಯೂ ನೋಟದ ಮಾತನ್ನೇ ಕೇಳುತ್ತದೆ.

ಫ್ರಾನ್ಸಿನ ಬೋರ್ಡೋದಲ್ಲಿ ವೈನ್ ಶಾಸ್ತ್ರ ಓದುತ್ತಿದ್ದ 54 ವಿದ್ಯಾರ್ಥಿಗಳಿಗೆ ಸಂಶೋಧಕರು ಒಂದು ಬಿಳಿ, ಒಂದು ಕೆಂಪು ವೈನ್ ಕೊಟ್ಟು ಪರಿಮಳವನ್ನು ವರ್ಣಿಸಲು ಹೇಳಿದರು. ಬಿಳಿಯದಕ್ಕೆ ಜೇನಿನಂಥ ತಿಳಿಬಣ್ಣದ ವಸ್ತುಗಳು, ಕೆಂಪಿಗೆ ಚೆರಿಯಂಥ ಕಡುಬಣ್ಣದ ಹಣ್ಣುಗಳು ನೆನಪಾದವು. ಮುಂದಿನ ಸಲ ಎರಡೂ ಲೋಟದಲ್ಲಿದ್ದದ್ದು ಅದೇ ಬಿಳಿ ವೈನ್. ಒಂದಕ್ಕೆ ಮಾತ್ರ ದ್ರಾಕ್ಷಿ ಸಿಪ್ಪೆಯಿಂದ ತೆಗೆದ, ವಾಸನೆಯಿಲ್ಲದ ಕೆಂಪು ಬಣ್ಣ ಬೆರೆಸಿದ್ದರು. ಆ ಲೋಟವನ್ನು ಮೂಸಿದವರು ಮತ್ತೆ ಕೆಂಪು ವೈನಿನ ಪದಗಳನ್ನೇ ಬರೆದರು. 2001ರಲ್ಲಿ ಪ್ರಕಟವಾದ ಈ ಪ್ರಯೋಗವನ್ನು ‘ತಜ್ಞರೆಲ್ಲ ಮೋಸಹೋದರು’ ಎಂದು ಈಗ ಹಿಗ್ಗಿಸಿ ಹೇಳುವವರಿದ್ದಾರೆ. ಅವರು ವಿದ್ಯಾರ್ಥಿಗಳು, ಕೇಳಿದ್ದು ವಾಸನೆಯನ್ನು. ಬಾಯಿಗೆ ಹಾಕಿಕೊಂಡು ಹುಡುಕಿದ್ದರೆ, ಕೆಂಪು ವೈನಿಗೆ ಸಿಪ್ಪೆಯಿಂದ ಬರುವ ಟ್ಯಾನಿನ್ ಎಂಬ ಅಂಶದ ಒಗರು ಇಲ್ಲದ್ದು ಕೆಲವರಿಗಾದರೂ ಹೊಳೆಯುತ್ತಿತ್ತು ಎಂದು ನನ್ನ ಎಣಿಕೆ. ವೈನಿನ ಬಗ್ಗೆ ಸಂಶಯ ಪಡುವವರು ತಮ್ಮ ಮೆಚ್ಚಿನ ಕಥೆಯ ಮೇಲೂ ಸ್ವಲ್ಪ ಸಂಶಯ ಇಟ್ಟುಕೊಳ್ಳಬೇಕು.

ಬೆಲೆಯ ಚೀಟಿಯೂ ಕಡಿಮೆಯದಲ್ಲ. 2008ರಲ್ಲಿ ಕ್ಯಾಲಿಫೋರ್ನಿಯಾದ ಸಂಶೋಧಕರು ಮೆದುಳಿನ ಸ್ಕ್ಯಾನರ್‌ನಲ್ಲಿ ಮಲಗಿದ್ದವರಿಗೆ ಒಂದೇ ವೈನನ್ನು ಒಮ್ಮೆ 10 ಡಾಲರಿನದೆಂದೂ ಒಮ್ಮೆ 90 ಡಾಲರಿನದೆಂದೂ ಹೇಳಿ ಕುಡಿಸಿದರು. ದುಬಾರಿ ಎಂದಾಗ ಅವರು ಹೆಚ್ಚು ಮೆಚ್ಚಿದರು. ಸುಖದ ಅನುಭವಕ್ಕೆ ಸಂಬಂಧಿಸಿದ ಮೆದುಳಿನ ಭಾಗವೂ ಹೆಚ್ಚು ಚುರುಕಾಗಿತ್ತು. ಅಂದರೆ ದೊಡ್ಡಸ್ತಿಕೆಗಾಗಿ ಹೇಳಿದ ಸುಳ್ಳಲ್ಲ, ಅವರಿಗೆ ನಿಜವಾಗಿಯೂ ಹಿತವೆನಿಸಿತ್ತು. ಮಾರುವವರಿಗೆ ಇನ್ನೇನು ಬೇಕು?

ಲೇಬಲ್ಲಿನಲ್ಲಿ ನನ್ನ ಕೋಪವೆಲ್ಲ ಬಂಗಾರದ ಅಕ್ಷರದ ‘ರಿಸರ್ವ್’, ಅಂದರೆ ವಿಶೇಷವಾಗಿ ತೆಗೆದಿಟ್ಟದ್ದು, ಎಂಬ ಪದದ ಮೇಲೆ. ಸ್ಪೇನಿನ ರಿಯೋಹಾ ಪ್ರಾಂತ್ಯದಲ್ಲಿ ಕೆಂಪು ವೈನನ್ನು ‘ರಿಸರ್ವಾ’ ಎನ್ನಬೇಕಾದರೆ ಅದು ಮೂರು ವರ್ಷ ಮಾಗಿರಬೇಕು, ಅದರಲ್ಲಿ ಕನಿಷ್ಠ ಒಂದು ವರ್ಷ ಓಕ್ ಪೀಪಾಯಿಯಲ್ಲಿ. ಅಮೆರಿಕದ ಕೇಂದ್ರ ಕಾನೂನಿನಲ್ಲಿ ಆ ಪದಕ್ಕೆ ವ್ಯಾಖ್ಯೆಯೇ ಇಲ್ಲ. ಅಲ್ಲಿ ಅಂಕಿಗೂ ಸಡಿಲವುಂಟು: ಮದ್ಯಸಾರ ಶೇಕಡ 12.5 ಎಂದು ಅಚ್ಚಾಗಿದ್ದರೆ ಒಳಗೆ 11ರಿಂದ 14ರವರೆಗೆ ಎಷ್ಟಾದರೂ ಇರಬಹುದು.

ಇನ್ನು ಪದಕಗಳು. ಸ್ವತಃ ವೈನ್ ತಯಾರಿಸುವ ರಾಬರ್ಟ್ ಹಾಡ್ಸನ್ ಎಂಬ ನಿವೃತ್ತ ಪ್ರಾಧ್ಯಾಪಕರು ಕ್ಯಾಲಿಫೋರ್ನಿಯಾ ರಾಜ್ಯ ಮೇಳದ ವೈನ್ ಸ್ಪರ್ಧೆಯ ತೀರ್ಪುಗಾರರಿಗೆ ಅವರಿಗೆ ತಿಳಿಯದಂತೆ ಒಂದೇ ಬಾಟಲಿಯ ವೈನನ್ನು ಮೂರು ಸಲ ಕೊಡಿಸಿ ನೋಡಿದರು. ಮೂರಕ್ಕೂ ಒಂದೇ ಮಟ್ಟದ ಅಂಕ ಕೊಟ್ಟವರು ಹತ್ತರಲ್ಲಿ ಒಬ್ಬರಷ್ಟೇ.

ಇದನ್ನು ಓದಿ ಮನಸಾರೆ ನಕ್ಕಿದ್ದೆ. ಕಳೆದ ತಿಂಗಳು ಕಾಗದ ಸುತ್ತುವ ಕೆಲಸವನ್ನು ಹೆಂಡತಿ ವಹಿಸಿಕೊಂಡಳು. ಒಂದನೆಯದರಲ್ಲಿ ನೇರಳೆ ಹಣ್ಣಿದೆ ಎಂದೆ, ಮೂರನೆಯದು ಬರೀ ಹುಳಿ ಎಂದು ಲೋಟ ಸರಿಸಿದೆ. ಅವಳು ಏನೂ ಹೇಳದೆ ಆ ಎರಡೂ ಬಾಟಲಿಗಳ ರಬ್ಬರ್ ಬ್ಯಾಂಡ್ ಬಿಚ್ಚಿದಳು. ಅಕ್ಕಪಕ್ಕ ನಿಂತಿದ್ದವು ಒಂದೇ ಅಂಗಡಿಯ, ಒಂದೇ ಬೆಲೆಯ ಎರಡು ಬಾಟಲಿಗಳು. ಎರಡರ ಮೇಲೂ ಬಂಗಾರದ ಅಕ್ಷರದಲ್ಲಿ ‘ರಿಸರ್ವ್’.