ಇಮ್ಯುನಾಲಜಿ ಮೊದಲೋ, ಬ್ಯಾಕ್ಟೀರಿಯಾ ಮೊದಲೋ?

ಪ್ರಶ್ನೆ: ನಾನು ಮಡಿಕೇರಿಯಲ್ಲಿ ಎಂಬಿಬಿಎಸ್ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಸೂಕ್ಷ್ಮಜೀವಿಗಳ ಶಾಸ್ತ್ರವಾದ ಮೈಕ್ರೋಬಯಾಲಜಿಯಲ್ಲಿ ಹೆಸರುಗಳೇ ನೂರಾರು ಇವೆ. ದೇಹದ ರೋಗಪ್ರತಿರೋಧವನ್ನು ಕುರಿತ ಇಮ್ಯುನಾಲಜಿಯ ಅಧ್ಯಾಯಗಳು ಓದಿದ ವಾರಕ್ಕೇ ಮರೆತುಹೋಗುತ್ತವೆ. ಯಾವುದನ್ನು ಮೊದಲು ಓದಬೇಕು? ಓದಿದ್ದು ಉಳಿಯಬೇಕಾದರೆ ಏನು ಮಾಡಬೇಕು?

ಉತ್ತರ: ಇಮ್ಯುನಾಲಜಿಯ ಚೌಕಟ್ಟನ್ನಷ್ಟೇ ಮೊದಲು ಓದಿಕೊಳ್ಳಿ. ಹುಟ್ಟಿನಿಂದಲೇ ಬರುವ ಪ್ರತಿರೋಧ, ಬಿ ಮತ್ತು ಟಿ ಲಿಂಫೋಸೈಟ್‌ಗಳೆಂಬ ಬಿಳಿ ರಕ್ತಕೋಶಗಳ ಕೆಲಸ, ರೋಗಾಣುವನ್ನು ಹಿಡಿಯುವ ಪ್ರೋಟೀನುಗಳಾದ ಪ್ರತಿಕಾಯಗಳ ಐದು ವರ್ಗಗಳು, ಅವುಗಳಿಗೆ ನೆರವಾಗುವ ರಕ್ತದ ಪ್ರೋಟೀನುಗಳಾದ ಕಾಂಪ್ಲಿಮೆಂಟ್: ಇಷ್ಟಕ್ಕೆ ಒಂದು ವಾರ ಸಾಕು. ಉಳಿದದ್ದನ್ನು ಒಂದೊಂದು ರೋಗವನ್ನು ಓದುವಾಗಲೇ ಅದರ ಜೊತೆಗೆ ಓದಬೇಕೆಂಬುದು ನನ್ನ ಅಭಿಪ್ರಾಯ. 2019ರಿಂದ ಜಾರಿಗೆ ಬಂದ ಪಠ್ಯಕ್ರಮವೂ ರೋಗಾಣುಗಳನ್ನು ಜಾತಿವಾರು ಜೋಡಿಸದೆ, ರಕ್ತ, ಜೀರ್ಣಾಂಗ, ಶ್ವಾಸಾಂಗ, ಮಿದುಳು ಎಂದು ರೋಗ ತಗಲುವ ಅಂಗವ್ಯೂಹದ ಪ್ರಕಾರ ಜೋಡಿಸಿದೆ. ರೋಗಾಣುವಿನ ಕಥೆ ಒಂದು ಪುಸ್ತಕದಲ್ಲಿ, ದೇಹದ ಕಥೆ ಇನ್ನೊಂದರಲ್ಲಿ ಉಳಿದುಬಿಟ್ಟರೆ ಎರಡೂ ಬಾಯಿಪಾಠವಾಗಿಯೇ ಉಳಿಯುತ್ತವೆ. ಎರಡನ್ನೂ ದಿನದ ಲೆಕ್ಕದಲ್ಲಿ ಒಂದೇ ಹಾಳೆಯ ಮೇಲೆ ಬರೆದಾಗ ಒಂದರ ಕಾರಣ ಇನ್ನೊಂದರಲ್ಲಿ ಕಾಣತೊಡಗುತ್ತದೆ.

ನಮ್ಮ ಜಿಲ್ಲೆಯವರಿಗೆ ಇದಕ್ಕೆ ಇಲಿಜ್ವರಕ್ಕಿಂತ ಒಳ್ಳೆಯ ಪಾಠ ಇಲ್ಲ. ಕಕ್ಕಡದ ಮಳೆಯಲ್ಲಿ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ನಾಟಿ ಮಾಡಿದ ವ್ಯಕ್ತಿಯೊಬ್ಬರು, ವಾರ ಒಂದೆರಡು ಕಳೆದ ಮೇಲೆ ಜ್ವರ, ಮೀನಖಂಡದ ನೋವು ಮತ್ತು ಕೆಂಪಾದ ಕಣ್ಣುಗಳೊಡನೆ ಆಸ್ಪತ್ರೆಗೆ ಬರುತ್ತಾರೆಂದು ಭಾವಿಸಿ. ಈ ಜ್ವರ ತರುವ ಸುರುಳಿಯಾಕಾರದ ಬ್ಯಾಕ್ಟೀರಿಯಾ ಲೆಪ್ಟೊಸ್ಪೈರಾ ಇಲಿಯ ಮೂತ್ರಪಿಂಡದ ನಾಳಗಳಲ್ಲಿ ವಾಸಿಸುತ್ತದೆ, ಮೂತ್ರದೊಡನೆ ಗದ್ದೆಯ ನೀರಿಗೆ ಸೇರುತ್ತದೆ, ಹಿಮ್ಮಡಿಯ ಬಿರುಕಿನಿಂದಲೋ ಕಾಲಿನ ತರಚುಗಾಯದಿಂದಲೋ ಒಳಗೆ ಬರುತ್ತದೆ. ಈ ರೋಗದ ತೀವ್ರ ರೂಪವನ್ನು ಜರ್ಮನಿಯ ವೈದ್ಯ ವೈಲ್ 1886ರಲ್ಲಿ ವರ್ಣಿಸಿದ್ದರೂ ಅದರ ರೋಗಾಣುವನ್ನು ಜಪಾನಿನ ಇನಾಡಾ ಮತ್ತು ಇಡೊ ಗುರುತಿಸಿದ್ದು 1915ರಲ್ಲಿ. ಇಷ್ಟು ತಡವಾದುದಕ್ಕೆ ಒಂದು ಕಾರಣವನ್ನು ನೀವೇ ಊಹಿಸಬಹುದು. ಈ ಸುರುಳಿಯ ದಪ್ಪ ಸುಮಾರು 0.1 ಮೈಕ್ರೋಮೀಟರ್, ಸಾಮಾನ್ಯ ಸೂಕ್ಷ್ಮದರ್ಶಕವು ಬೇರ್ಪಡಿಸಿ ತೋರಿಸಬಲ್ಲದ್ದು ಹೆಚ್ಚುಕಡಿಮೆ 0.2 ಮೈಕ್ರೋಮೀಟರ್‌ವರೆಗೆ ಮಾತ್ರ. ಆದ್ದರಿಂದ ಬ್ಯಾಕ್ಟೀರಿಯಾಗಳಿಗೆ ಬಣ್ಣ ಹಾಕಿ ನೋಡುವ ಗ್ರಾಂ ಸ್ಟೇನ್ ಇಲ್ಲಿ ನೆರವಿಗೆ ಬರುವುದಿಲ್ಲ, ಕಪ್ಪು ಹಿನ್ನೆಲೆಯಲ್ಲಿ ರೋಗಾಣು ಹೊಳೆದು ಕಾಣುವ ಡಾರ್ಕ್ ಫೀಲ್ಡ್ ಸೂಕ್ಷ್ಮದರ್ಶಕ ಬೇಕಾಗುತ್ತದೆ. ‘ಡಾರ್ಕ್ ಫೀಲ್ಡ್‌ನಲ್ಲಿ ಕಾಣುವ ಬ್ಯಾಕ್ಟೀರಿಯಾ’ ಎಂಬ ಸಾಲನ್ನು ಉರು ಹೊಡೆದವರು ಮರೆಯಬಹುದು, ಈ ಎರಡು ಅಂಕಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದವರು ಮರೆಯುವುದಿಲ್ಲ.

ಈಗ ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ರೋಗಾಣುವನ್ನೂ ಬಲಕ್ಕೆ ದೇಹವನ್ನೂ ಇರಿಸಿ. ಜ್ವರದ ಮೊದಲ ವಾರ ಎಡಭಾಗದಲ್ಲಿ ಲೆಪ್ಟೊಸ್ಪೈರಾ ರಕ್ತದಲ್ಲಿರುತ್ತದೆ. ಬಲಭಾಗದಲ್ಲಿ ಪ್ರತಿಕಾಯ ಇನ್ನೂ ಕಾಣಿಸಿಕೊಂಡಿರುವುದಿಲ್ಲ. ಆದುದರಿಂದ ಆ ದಿನಗಳಲ್ಲಿ ರೋಗಾಣುವಿನ ಡಿಎನ್‌ಎ ಹುಡುಕುವ ರಕ್ತದ ಪಿಸಿಆರ್‌ ಪರೀಕ್ಷೆಗೆ ಅರ್ಥವಿದೆ, ಪ್ರತಿಕಾಯ ಪರೀಕ್ಷೆ ನೆಗೆಟಿವ್ ಬಂದರೆ ಅದನ್ನು ನಂಬಿ ಕೂರುವಂತಿಲ್ಲ. ಮೊದಲ ವಾರ ಮುಗಿಯುವ ಹೊತ್ತಿಗೆ ಐಜಿಎಂ ವರ್ಗದ ಪ್ರತಿಕಾಯ ಏರುತ್ತದೆ, ರಕ್ತದಿಂದ ರೋಗಾಣು ಮರೆಯಾಗುತ್ತದೆ, ಎರಡನೇ ವಾರದಿಂದ ಮೂತ್ರದಲ್ಲಿ ಸಿಗತೊಡಗುತ್ತದೆ. ಯಾವ ದಿನ ಯಾವ ಮಾದರಿ ತೆಗೆಯಬೇಕೆಂಬ ಪರೀಕ್ಷೆಯ ಪ್ರಶ್ನೆಗೆ ಉತ್ತರ ಈ ಹಾಳೆಯಲ್ಲೇ ಇದೆ.

ಬಲಭಾಗದಲ್ಲಿ ಆ ಐದಾರು ದಿನಗಳು ಖಾಲಿ ಉಳಿಯುವುದೇಕೆ? ಇಮ್ಯುನಾಲಜಿಯ ತಿರುಳು ಈ ಖಾಲಿ ಜಾಗದಲ್ಲಿದೆಯೆಂದು ನಾನು ತಿಳಿದಿದ್ದೇನೆ. ಆಸ್ಟ್ರೇಲಿಯಾದ ವಿಜ್ಞಾನಿ ಬರ್ನೆಟ್ 1957ರಲ್ಲಿ ಮಂಡಿಸಿದ ಕ್ಲೋನಲ್ ಸೆಲೆಕ್ಷನ್ ವಾದದಂತೆ, ಈ ರೋಗಾಣುವಿಗೆ ಹೊಂದುವ ಬಿ ಕೋಶಗಳು ಸೋಂಕಿಗೆ ಮುಂಚೆಯೇ ದೇಹದಲ್ಲಿರುತ್ತವೆ, ಆದರೆ ಅವುಗಳ ಸಂಖ್ಯೆ ತೀರಾ ಕಡಿಮೆ. ಪ್ರತಿಜನಕವು, ಅಂದರೆ ದೇಹ ಗುರುತಿಸುವ ರೋಗಾಣುವಿನ ಭಾಗವು, ದುಗ್ಧಗ್ರಂಥಿಯನ್ನು ತಲುಪಿ, ಹೊಂದುವ ಕೋಶವನ್ನು ಮುಟ್ಟಿ, ಸಹಾಯಕ ಟಿ ಕೋಶದ ಒಪ್ಪಿಗೆ ದೊರೆತು, ಆ ಒಂದು ಕೋಶ ಸಾವಿರಾರು ಆಗಿ, ಪ್ಲಾಸ್ಮಾ ಕೋಶಗಳಾಗಿ ಪ್ರತಿಕಾಯ ಸುರಿಸಲು ಅಷ್ಟು ದಿನಗಳು ಹಿಡಿಯುತ್ತವೆ. ಮೊದಲು ಬರುವ ಐಜಿಎಂ ಐದು ಘಟಕಗಳು ಕೂಡಿದ ಅಣು. ಹಿಡಿಯಲು ಅದಕ್ಕೆ ಹತ್ತು ತಾಣಗಳಿರುವುದರಿಂದ ರೋಗಾಣುಗಳನ್ನು ಒಂದಕ್ಕೊಂದು ಅಂಟಿಸಿ ಮುದ್ದೆಮಾಡುವುದರಲ್ಲಿ ಅದು ಬಹಳ ಸಮರ್ಥ. ಜೀವಂತ ಲೆಪ್ಟೊಸ್ಪೈರಾಗಳಿಗೆ ರೋಗಿಯ ಸೀರಂ (ಹೆಪ್ಪುಗಟ್ಟಿದ ರಕ್ತದಿಂದ ಬೇರ್ಪಡುವ ತಿಳಿ ದ್ರವ) ಬೆರೆಸಿ ನೋಡುವ ಅಗ್ಲುಟಿನೇಶನ್, ಅಂದರೆ ಮುದ್ದೆಗಟ್ಟುವಿಕೆಯ ಪರೀಕ್ಷೆ ನಿಂತಿರುವುದು ಪ್ರತಿಕಾಯಗಳ ಈ ಗುಣದ ಮೇಲೆ. ಎರಡು ವಾರಗಳ ಅಂತರದ ಎರಡು ಸೀರಂ ಮಾದರಿಗಳಲ್ಲಿ ಟೈಟರ್, ಅಂದರೆ ಪ್ರತಿಕಾಯದ ಪ್ರಮಾಣ, ನಾಲ್ಕು ಪಟ್ಟು ಏರಿದೆಯೇ ಎಂದು ಕೇಳುವುದರ ಮರ್ಮವೂ ಇಷ್ಟೇ: ಹಳೆಯ ಸೋಂಕಿನ ಪ್ರತಿಕಾಯ ಇದ್ದಲ್ಲೇ ಇರುತ್ತದೆ, ಹೊಸ ಸೋಂಕಿನದು ಏರುತ್ತದೆ.

ಈ ಹಾಳೆ ಒಮ್ಮೆ ಕೈಗೆ ಬಂದರೆ ಡೆಂಗಿಗೆ ಹೆಚ್ಚು ಶ್ರಮ ಬೇಡ. ಮೊದಲ ದಿನಗಳಲ್ಲಿ ವೈರಸ್ಸಿನ ಎನ್‌ಎಸ್1 ಪ್ರೋಟೀನ್, ಸುಮಾರು ಐದನೇ ದಿನದಿಂದ ಐಜಿಎಂ. ಎರಡನೇ ಬಾರಿ ಡೆಂಗಿ ತಗಲಿದವರಲ್ಲಿ ಹಿಂದಿನ ಸೋಂಕಿನಿಂದ ಉಳಿದ ನೆನಪಿನ ಕೋಶಗಳಿಂದಾಗಿ ಇನ್ನೊಂದು ವರ್ಗದ ಪ್ರತಿಕಾಯವಾದ ಐಜಿಜಿ ಬೇಗ ಏರಿ, ಐಜಿಎಂ ಕಡಿಮೆಯೇ ಉಳಿಯಬಹುದು.

ಹುಚ್ಚುನಾಯಿ ಕಡಿತದ ಹಾಳೆಯನ್ನು ಮಾತ್ರ ತಪ್ಪದೆ ಬರೆಯಿರಿ. ಆಳವಾದ ಗಾಯಕ್ಕೆ ಲಸಿಕೆಯ ಜೊತೆ ಇಮ್ಯುನೊಗ್ಲೋಬುಲಿನ್ (ಸಿದ್ಧ ಪ್ರತಿಕಾಯ) ಅನ್ನೂ ಗಾಯದೊಳಗೇ ಚುಚ್ಚುವುದೇಕೆಂದರೆ, ಲಸಿಕೆಯಿಂದ ಸ್ವಂತ ಪ್ರತಿಕಾಯ ಬರುವವರೆಗಿನ ಅದೇ ಖಾಲಿ ದಿನಗಳನ್ನು ಕಡ ತಂದ ಪ್ರತಿಕಾಯದಿಂದ ತುಂಬಬೇಕು. ಮೊದಲ ಲಸಿಕೆ ಕೊಟ್ಟು ಏಳು ದಿನ ದಾಟಿದ ಮೇಲೆ ಇಮ್ಯುನೊಗ್ಲೋಬುಲಿನ್ ಕೊಡುವುದಿಲ್ಲ. ಏಕೆಂದು ಇನ್ನು ನಿಮಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಪಠ್ಯದಲ್ಲಿ ಒಣ ವ್ಯಾಖ್ಯೆಗಳಂತೆ ಕಾಣುವ ಸಕ್ರಿಯ ಮತ್ತು ನಿಷ್ಕ್ರಿಯ ಪ್ರತಿರೋಧಗಳು ಇಲ್ಲಿ ಒಬ್ಬರ ಜೀವ ಉಳಿಸುವ ಲೆಕ್ಕವಾಗುತ್ತವೆ, ಹಾಗಾಗಿ ಅವನ್ನು ಇಲ್ಲಿಯೇ ಕಲಿಯಬೇಕೆಂದು ನಾನು ಒತ್ತಾಯಿಸುತ್ತೇನೆ.

ಹೆಸರುಗಳ ಮಾತಿಗೆ ಬಂದರೆ, ಸ್ವಲ್ಪ ಬಾಯಿಪಾಠ ಅನಿವಾರ್ಯ. ಅದರ ಭಾರ ಇಳಿಯುವುದು ಪ್ರಯೋಗಾಲಯದಲ್ಲಿ. ಡೆನ್ಮಾರ್ಕಿನ ಗ್ರಾಂ 1884ರಲ್ಲಿ ಪ್ರಕಟಿಸಿದ ಬಣ್ಣ ಹಾಕುವ ವಿಧಾನದಲ್ಲಿ ಆಲ್ಕೋಹಾಲ್ ಹಾಕುವ ಹಂತವೇ ನಿರ್ಣಾಯಕ. ಕೆಲವು ಸೆಕೆಂಡು ಹೆಚ್ಚು ಹೊತ್ತು ಬಿಟ್ಟರೆ ನೇರಳೆಯಾಗಬೇಕಾದ ಸ್ಟ್ಯಾಫಿಲೋಕಾಕಸ್ ಕೂಡ ಕೆಂಪಾಗಿ ಕಾಣುತ್ತದೆ. ಒಮ್ಮೆ ಬೇಕೆಂದೇ ಹೀಗೆ ಕೆಡಿಸಿ ನೋಡಿ: ಬ್ಯಾಕ್ಟೀರಿಯಾದ ದಪ್ಪ ಪೆಪ್ಟಿಡೊಗ್ಲೈಕನ್ ಗೋಡೆ ಬಣ್ಣವನ್ನು ಎಷ್ಟು ಹೊತ್ತು ಹಿಡಿದಿಡಬಲ್ಲದೆಂಬುದು ನಿಮ್ಮ ಕಣ್ಣಿಗೇ ತಿಳಿಯುತ್ತದೆ.

ಮುಂದಿನ ಹಾಳೆಗೆ ನುಸಿಯ ಮರಿಗಳ ಕಡಿತದಿಂದ ಹರಡುವ ಸ್ಕ್ರಬ್ ಟೈಫಸ್ ಜ್ವರವನ್ನು ತೆಗೆದುಕೊಳ್ಳಿ. ಅದರ ರೋಗಾಣು ಜೀವಕೋಶದ ಒಳಗಷ್ಟೇ ಬೆಳೆಯುತ್ತದೆ. ಆದ್ದರಿಂದ ಎಡಭಾಗದಲ್ಲಿ ಸಾಮಾನ್ಯ ಕಲ್ಚರ್‌ಗೆ (ಪ್ರಯೋಗಾಲಯದಲ್ಲಿ ರೋಗಾಣು ಬೆಳೆಸುವುದಕ್ಕೆ) ಜಾಗವಿಲ್ಲ, ಬಲಭಾಗದಲ್ಲಿ ಪ್ರತಿಕಾಯದ ಜೊತೆಗೆ ಟಿ ಕೋಶಗಳನ್ನೂ ಬರೆಯಬೇಕಾಗುತ್ತದೆ. ಯಾವ ಸಂಬಂಧವೂ ಇಲ್ಲದ ಪ್ರೋಟಿಯಸ್ ಎಂಬ ಬ್ಯಾಕ್ಟೀರಿಯಾದ ಓಎಕ್ಸ್-ಕೆ ತಳಿ ಆ ರೋಗಿಯ ಸೀರಂನಲ್ಲಿ ಏಕೆ ಮುದ್ದೆಗಟ್ಟುತ್ತದೆಂದು ಕೆಳಗೆ ಒಂದು ಸಾಲು ಸೇರಿಸಿ.